ಏಳನೆಯ ನಂಬರು

ಜಯನಗರ, ಬೆಂಗಳೂರು
14-9-1964

ಚಿ|| ಸೌ|| ಚೂಡಾಮಣಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ ಎಂಬ ಮಾಮೂಲಿ ಸಾಲನ್ನು ಈ ಸಲ ಬಿಟ್ಟಿದ್ದೇನೆ. ಅಮ್ಮನ ಕಣ್ಣು ಹೇಗಿದೆ, ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿ ನೀನು ಬರೆದ ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಬೇಸರಿಸಬೇಡ. ಪುರಸೊತ್ತಿರಲಿಲ್ಲ ಎಂದರೆ ನಗುತ್ತೀಯೆ, ರಿಟೈರಾದವನಿಗೆ ಏನು ಕೆಲಸ ಅಂತ.

ಮೊದಮೊದಲು ದಿನಗಳು ಎಲ್ಲಿ ಸೋರಿಹೋಗುತ್ತವೆ ಎಂದೇ ತಿಳಿಯುತ್ತಿರಲಿಲ್ಲ. ಸಕ್ಕರೆ ತರಲು ಹೋದವನು ಪಾರ್ಕಿನಲ್ಲಿ ಹರಟಿ ಬರಿಗೈಯಲ್ಲಿ ಮನೆಗೆ ಬರುತ್ತಿದ್ದೆ. ಆಮೇಲೆ ನಿನ್ನ ಹಳೆಯ ಸ್ಲೇಟನ್ನು ಅಡುಗೆಮನೆಯ ಬಾಗಿಲ ಪಕ್ಕ ನೇತುಹಾಕಿದೆ. ಬೆಳಿಗ್ಗೆ ಕಾಫಿಯಾದ ಕೂಡಲೇ ಆ ದಿನದ ಕೆಲಸಗಳನ್ನು ನಂಬರು ಹಾಕಿ ಬರೆಯುವುದು, ಆದದ್ದನ್ನು ಅಳಿಸುವುದು, ಉಳಿದದ್ದು ನಾಳೆಗೆ. ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿದವನಿಗೆ ಯಾವುದು ಮೊದಲು ಎಂದು ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಆಫೀಸಿನಲ್ಲಿ ರಿಮೈಂಡರ್ ಬಂದ ಫೈಲು ಮೇಲೆ, ಬಾರದ್ದು ಕೆಳಗೆ. ಮನೆಯಲ್ಲೂ ಅದನ್ನೇ ನಡೆಸಿದೆ. ಎದುರುಮನೆಯ ಅನಂತರಾಮು ಅರ್ಜಿ ಬರೆದುಕೊಡಿ ಎಂದು ಮೂರು ಸಲ ಬಂದ, ಅವನದು ಒಂದನೆಯ ನಂಬರಿಗೆ ಏರಿತು. ಲೈಬ್ರರಿಯಿಂದ ಕಾರ್ಡು ಬಂತು, ಪುಸ್ತಕ ಹಿಂತಿರುಗಿಸುವುದು ಎರಡನೆಯದಾಯಿತು. 'ಕಣ್ಣಿನ ಡಾಕ್ಟರು' ಎಂದು ಯುಗಾದಿಗೆ ಬಂದಾಗ ನೀನೇ ಬರೆಸಿ ಹೋಗಿದ್ದೆಯಲ್ಲ, ಅದು ಏಳನೆಯದು. ನಿನ್ನ ಕಾಗದವನ್ನು ನಾನು ರಿಮೈಂಡರೆಂದು ಲೆಕ್ಕಕ್ಕೆ ಹಿಡಿಯಲಿಲ್ಲ.

ನಿನ್ನ ಅಮ್ಮ ಬಾಯಿಬಿಟ್ಟು ಕೇಳುವವಳಲ್ಲ. ದಿನಾ ಒಲೆಯ ಮುಂದೆ ಕೂತೇ, "ಇವತ್ತಿಂದು ಏನೇನಿದೆ, ಓದಿ, ಕೇಳ್ತೀನಿ" ಎನ್ನುತ್ತಿದ್ದಳು. ನಾನು ಗಟ್ಟಿಯಾಗಿ ಕೊನೆಯವರೆಗೂ ಓದುತ್ತಿದ್ದೆ. ಏಳನೆಯದು ಬಂದಾಗ, "ಅದು ನಾಳೆ ಆಗ್ಲಿ ಬಿಡಿ, ನಿಮ್ಗೆ ಇಷ್ಟೊಂದು ಕೆಲ್ಸ ಇದೆ" ಎನ್ನುವಳು. ನನ್ನ ಶಿಸ್ತನ್ನು ಮನೆಯಲ್ಲಿ ಒಬ್ಬರಾದರೂ ಮೆಚ್ಚಿದರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಕಳೆದ ವಾರ, ಕೋಣನಕುಂಟೆಯಿಂದ ಮೊಸರು ತರುವ ಮುನಿವೆಂಕಟಮ್ಮ ಬಾಗಿಲಲ್ಲಿ ನಿಂತು, "ಸ್ವಾಮಿ, ಅಮ್ಮಾವ್ರು ಪಾತ್ರೆ ಹಿಡಿಯಾಕೆ ಗಾಳೀಲಿ ಕೈ ಆಡಿಸ್ತಾವ್ರೆ. ನೀವು ನೋಡ್ಲಿಲ್ವಾ?" ಎಂದು ಕೇಳಿದಳು. ನಾನು ಆಗ ಸ್ಲೇಟಿನಲ್ಲಿ ಮೂರನೆಯ ನಂಬರು ಬರೆಯುತ್ತಿದ್ದೆ. ಅದನ್ನು ಅರ್ಧಕ್ಕೇ ಬಿಟ್ಟು, ಜಟಕಾ ತರಿಸಿ, ನಿನ್ನ ಅಮ್ಮನನ್ನು ಉಟ್ಟ ಸೀರೆಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು, ಮೆತ್ತಗಿನ ಮಾತು. ದಿನಕ್ಕೆ ಮೂರು ಹೊತ್ತು ಹಾಕಲು ಔಷಧಿ ಕೊಟ್ಟಿದ್ದಾರೆ. ಬಲಗಣ್ಣು ಉಳಿಯುತ್ತದೆ ಎಂದು ಧೈರ್ಯ ಹೇಳಿದ್ದಾರೆ.

ಅಳಿಯಂದಿರಿಗೂ ಮಗುವಿಗೂ ಆಶೀರ್ವಾದ. ನಿಮ್ಮ ಸಂಸಾರ ತಂಪಾಗಿರಲಿ. ದಸರೆಗೆ ನಾಲ್ಕು ದಿನ ಮುಂಚೆಯೇ ಬಾ.

ಇಂತಿ ನಿನ್ನ ತಂದೆ,
ಶಾಮಣ್ಣ

ತಾ.ಕ.: ಬಲಗಣ್ಣಿನ ಮಾತನ್ನಷ್ಟೇ ಬರೆದೆ. ಎಡಗಣ್ಣು ಪೂರ್ತಿ ಹೋಗಿದೆ. ಬೇಸಿಗೆಯಲ್ಲೇ ಬಂದಿದ್ದರೆ ಉಳಿಸಬಹುದಿತ್ತಂತೆ. ಸ್ಲೇಟಿನ ಅಕ್ಷರ ಅವಳಿಗೆ ಯಾವಾಗಿನಿಂದಲೋ ಕಾಣುತ್ತಿರಲಿಲ್ಲ, ಅದಕ್ಕೇ ನನ್ನಿಂದ ಓದಿಸುತ್ತಿದ್ದಳು. ನನಗೆ ನಾಚಿಕೆಯಾಗುತ್ತಿದೆ ಮಗಳೇ. ಇವತ್ತು ಬೆಳಿಗ್ಗೆಯೂ ಕಾಫಿ ಕೊಟ್ಟು, "ಓದಿ, ಕೇಳ್ತೀನಿ" ಎಂದಳು. ಅವಳ ಔಷಧಿಯ ಹೊತ್ತು ಬಿಟ್ಟರೆ ಸ್ಲೇಟಿನಲ್ಲಿ ಬೇರೇನೂ ಇರಲಿಲ್ಲ. ಓದುವುದನ್ನು ಬಿಟ್ಟು, "ಕಣ್ಣು ಕಾಣ್ತಿಲ್ಲ ಅಂತ ಒಂದು ಮಾತು ಹೇಳಬಾರದಿತ್ತೇನೇ?" ಎಂದೆ.

"ನಾನು ಹೇಳೋದೇನು, ದಿನಾ ನೀವೇ ಓದಿ ಹೇಳ್ತಿದ್ರಲ್ಲ" ಎಂದಳು.