ಒಂದೇ ಹಿಡಿಕೆಯ ಪೆಟ್ಟಿಗೆ

ಬ್ರೂಸ್‌ಪೇಟೆ, ಬಳ್ಳಾರಿ
21 ಮೇ 2009, ಗುರುವಾರ

ಗುಲ್ನಾಜಳ ಅಮ್ಮಿ ಶಬನಂಗೆ,

ಗೌಸ್ ಮಾಡುವ ಸಲಾಂ. ‘ಪ್ರೀತಿಯ’ ಎಂದು ಬರೆಯಲು ಹೋಗಿ ಎರಡು ಹಾಳೆ ಹರಿದು ಹಾಕಿದೆ. ಮೂರು ವರ್ಷದಿಂದ ಬೇರೆ ಇರುವ ಹೆಂಡತಿಗೆ ಆ ಮಾತು ಬರೆಯಬಹುದೋ ಬಾರದೋ ತಿಳಿಯಲಿಲ್ಲ. ಅದಕ್ಕೇ ಮಗಳ ಹೆಸರು ಮುಂದಿಟ್ಟುಕೊಂಡು ಶುರು ಮಾಡಿದ್ದೇನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಎರಡನೇ ಮಾತಿಗೇ ನನ್ನ ದನಿ ಏರುತ್ತದೆ. ಕಾಗದದಲ್ಲಿ ದನಿ ಏರಿದರೆ ಹರಿದು ಹಾಕಿ ಇನ್ನೊಂದು ಬರೆಯಬಹುದು. ಸಿರುಗುಪ್ಪದ ಶಾಲೆಯಲ್ಲಿ ಮಕ್ಕಳ ಪುಸ್ತಕ ತಿದ್ದುವ ಹಾಗೆ ಇದನ್ನೂ ಕೆಂಪು ಪೆನ್ನು ಹಿಡಿದು ಓದಬೇಡ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸುತ್ತಿಗೆ ಹಿಡಿದವನ ಬರಹ ಇದು.

ವಿಷಯ ಗುಲ್ನಾಜಳ ಕಂಪ್ಯೂಟರಿನದು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತಂದರೆ ಆಟ ಆಡುವ ಕಂಪ್ಯೂಟರ್ ಕೊಡಿಸುತ್ತೇನೆಂದು ಮಾತು ಕೊಟ್ಟಿದ್ದೆ, ಅವಳು ತಂದಳು. ಆಟದ ಕಂಪ್ಯೂಟರಿಗೆ ಸಾಮಾನೇ ಬೇರೆಯಂತೆ. ಚಿತ್ರ ಓಡಿಸಲು ಇಟ್ಟಿಗೆಯಷ್ಟು ಉದ್ದದ ಕಾರ್ಡು, ಅದಕ್ಕೇ ಒಂದು ಫ್ಯಾನು. ನಮ್ಮ ಟ್ರಂಕಿನ ಅಂಗಡಿಯ ಎದುರಿಗೆ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ ಚನ್ನಬಸವರಾಜ ನೆನಪಿದ್ದಾನಲ್ಲ, ಅವನು ಈಗ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಅದಿರಿನ ಲಾರಿ ಇಟ್ಟವರಿಗೆಲ್ಲ ಒಂದೊಂದು ಆಫೀಸು, ಆಫೀಸಿಗೊಂದು ಕಂಪ್ಯೂಟರ್, ಅವನಿಗೆ ಊಟ ಮಾಡಲು ಪುರುಸೊತ್ತಿಲ್ಲ. ಅವನೇ ಗುಲ್ನಾಜಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾಮಾನೆಲ್ಲ ಆರಿಸಿಕೊಟ್ಟ. ಕೊನೆಗೆ ಉಳಿದದ್ದು ಅವನ್ನೆಲ್ಲ ಕೂಡಿಸಿಡುವ ಪೆಟ್ಟಿಗೆ ಮಾತ್ರ. ಅವರ ಬಾಯಲ್ಲಿ ಅದು ಕ್ಯಾಬಿನೆಟ್ಟು.

ಚನ್ನಬಸವರಾಜ ಎರಡು ತೋರಿಸಿದ. ಒಂದು ನನ್ನ ಸೊಂಟದ ತನಕ ಬರುವಂಥದ್ದು, ಬದಿಗೆ ಗಾಜು, ಒಳಗೆ ನೀಲಿ ದೀಪ, ಉರುಸಿನ ದಿನದ ದರ್ಗಾದಂತೆ ಝಗಝಗ. ಇನ್ನೊಂದು ಚಿತ್ರದಲ್ಲಷ್ಟೇ ಇತ್ತು, ಚೆನ್ನೈನಿಂದ ತರಿಸಬೇಕಂತೆ. ಚಿಕ್ಕದು, ಚೌಕಾಕಾರ, ಮೇಲೊಂದು ಹಿಡಿಕೆ, ಊಟದ ಡಬ್ಬಿಯ ಹಾಗೆ ಹಿಡಿದುಕೊಂಡು ಹೋಗಬಹುದು. ಗುಲ್ನಾಜ್ ನೋಡಿದವಳೇ ಚಿಕ್ಕದರ ಮೇಲೆ ಬೆರಳಿಟ್ಟಳು. ನಾನು ದೊಡ್ಡದೇ ಆಗಬೇಕೆಂದು ಹಟ ಹಿಡಿದೆ.

ಯಾಕೆಂದು ನಿನಗೆ ಹೇಳಿಬಿಡುತ್ತೇನೆ, ಮುಚ್ಚಿಡುವ ವಯಸ್ಸು ದಾಟಿತು. ಮೂವತ್ತೊಂದನೇ ತಾರೀಖು ಭಾನುವಾರ ಕುರುಗೋಡಿನಲ್ಲಿ ನಿನ್ನ ಚಿಕ್ಕಮ್ಮ ಹಮೀದಾಬಿಯ ಮನೆಯಲ್ಲಿ ಹಿರಿಯರು ಮತ್ತೆ ಕೂರುತ್ತಾರೆ, ನಾವಿಬ್ಬರೂ ಬೇರೆ ಬೇರೆ ಹೊತ್ತಿಗೆ ಹೋಗಬೇಕು. ಗುಲ್ನಾಜ್ ಕಾಲೇಜು ಸೇರುವುದು ಸಿರುಗುಪ್ಪದಲ್ಲೋ ಬಳ್ಳಾರಿಯಲ್ಲೋ ಎಂದು ಅವಳನ್ನೇ ಕೇಳುತ್ತಾರೆ. ಸೊಂಟದೆತ್ತರದ ಆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಒಯ್ಯಲು ಆಗುವುದಿಲ್ಲ. ಅದು ಬಳ್ಳಾರಿಯಲ್ಲಿದ್ದರೆ ಹುಡುಗಿಯೂ ಬಳ್ಳಾರಿಯಲ್ಲಿರುತ್ತಾಳೆ ಅನ್ನುವುದು ನನ್ನ ಲೆಕ್ಕಾಚಾರ. ಮಗಳಿಗೆ ಉಡುಗೊರೆ ಅಂತ ಹೇಳಿ ಬೋನು ಇಡಲು ಹೊರಟಿದ್ದೆ, ಶಬನಂ. ನನಗೆ ಅಷ್ಟು ಭಯವಾಗಿತ್ತು.

ರಜೆ ಮುಗಿದು ಅವಳನ್ನು ನಿನ್ನ ಕಡೆಗೆ ಕಳಿಸಲು ಕುರುಗೋಡಿನಲ್ಲಿ ಬಿಟ್ಟು ಬಂದ ದಿನ ನಾನು ಅಂಗಡಿಯ ಬಾಗಿಲು ಹಾಕುವುದೇ ಇಲ್ಲ. ಕೆಲಸ ಇಲ್ಲದಿದ್ದರೂ ಹಳೇ ಕೊಂಡಿ ತಿಕ್ಕುತ್ತಾ ಕೂರುತ್ತೇನೆ. ಒಂದೇ ತಟ್ಟೆ ತೊಳೆಯಲು ಬೇಸರ ಅಂತ ಖಾನಾವಳಿಯಲ್ಲಿ ಉಣ್ಣುತ್ತೇನೆ. ಖಾನಾವಳಿಯ ಹಂಪಕ್ಕ ನನ್ನ ದನಿ ಕೇಳಿದರೆ ಸಾಕು, ಗುಲ್ನಾಜ್ ಊರಿಗೆ ಹೋದಳೋ ಇದ್ದಾಳೋ ಹೇಳುತ್ತಾಳೆ. ಮನೆಗೆ ಹೋದರೆ ಅವಳ ಚಪ್ಪಲಿ ಇದ್ದ ಜಾಗ ಖಾಲಿ ಇರುತ್ತದೆ. ನಿನ್ನದು ಖಾಲಿಯಾಗಿ ಮೂರು ವರ್ಷವಾಯಿತು, ಅಲ್ಲಿ ನಾನು ಈಗಲೂ ಏನೂ ಇಟ್ಟಿಲ್ಲ.

ಗುಲ್ನಾಜ್ ಎರಡು ದಿನ ಮಾತು ಬಿಟ್ಟಳು. ಹಟದಲ್ಲಿ ನಿನ್ನ ಮಗಳು, ನನ್ನ ಮಗಳೂ ಹೌದು. ಮೂರನೇ ದಿನ ನಾನೇ ಸೋತು, ಚಿಕ್ಕದೇ ಆಗಲಿ, ಆದರೆ ಚೆನ್ನೈನಿಂದ ಯಾಕೆ ತರಿಸಬೇಕು, ನಾಲ್ಕು ತಲೆಮಾರಿನಿಂದ ಟ್ರಂಕು ಮಾಡುವ ಮನೆಯಲ್ಲಿ ಹುಟ್ಟಿ ಹೊರಗಿನ ಪೆಟ್ಟಿಗೆ ತಂದರೆ ಬ್ರೂಸ್‌ಪೇಟೆಯಲ್ಲಿ ತಲೆ ಎತ್ತಿ ಓಡಾಡಲು ಆಗುತ್ತದೆಯೇ ಅಂದೆ. ಅವಳು ನಕ್ಕಳು. ಆ ನಗು ನೋಡಿ ಆವತ್ತೇ ತಗಡು ತೆಗೆದೆ. ಈಗ ಮದುವೆಗೆ ಟ್ರಂಕು ಯಾರೂ ಕೊಡುವುದಿಲ್ಲ, ಎಲ್ಲರದೂ ಬೀರು. ನಾನು ಲಾರಿಗಳಿಗೆ ಪಾನಾ, ಜಾಕು ಇಡುವ ಪೆಟ್ಟಿಗೆ ಮಾಡಿಕೊಂಡು ಹೊಟ್ಟೆ ಹೊರೆಯುತ್ತಿದ್ದೇನೆ. ಎಷ್ಟೋ ದಿನದ ಮೇಲೆ ಮನಸ್ಸಿಟ್ಟು ಮಾಡಲು ಒಂದು ಕೆಲಸ ಸಿಕ್ಕಿತ್ತು.

ಅಳತೆ ತೆಗೆದುಕೊಂಡದ್ದನ್ನು ನೀನು ನೋಡಬೇಕಿತ್ತು. ಅಂಗಡಿಯ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಬಸ್ಸಿನಲ್ಲಿ ಕೂತ ಹಾಗೆ ಮೊಣಕಾಲು ಜೋಡಿಸಿ ಕೂರು ಅಂದೆ. ತೊಡೆಯ ಮೇಲೆ ರಟ್ಟು ಇಟ್ಟು ಗೀಟು ಹಾಕಿದೆ. ಆಚೆ ಸೀಟಿನವರ ಮೊಣಕೈ ತಾಗುತ್ತದೆ ಅಂತ ಎರಡು ಬೆರಳು ಕಡಿಮೆ ಮಾಡಿಸಿದಳು. ನಿಮ್ಮ ಮನೆಯ ಗೋಡೆಯ ಗೂಡಿನ ಅಳತೆಯನ್ನೂ ಅವಳು ಮೊದಲೇ ಚೀಟಿಯಲ್ಲಿ ಬರೆದು ತಂದಿದ್ದಳು. ಕಂಪ್ಯೂಟರಿನ ಪರದೆ ಅಲ್ಲಿ ಒಂದಿದೆಯಂತೆ, ಇಲ್ಲಿಗೂ ಚನ್ನಬಸವರಾಜ ಒಂದು ಹಳೆಯದು ಕೊಟ್ಟಿದ್ದಾನೆ. ಹೀಗಾಗಿ ಓಡಾಡುವುದು ಪೆಟ್ಟಿಗೆ ಒಂದೇ. ನಿನ್ನ ಮನೆಯ ಗೂಡು ಎಷ್ಟು ಅಗಲ, ಎಷ್ಟು ಆಳ ಅಂತ ಈಗ ನನಗೆ ಬಾಯಿಪಾಠವಿದೆ. ಆ ಮನೆಯೊಳಗೆ ನಾನು ಒಮ್ಮೆಯೂ ಕಾಲಿಟ್ಟಿಲ್ಲ.

ನಾಲ್ಕು ದಿನಕ್ಕೆ ಪೆಟ್ಟಿಗೆ ಸಿದ್ಧವಾಯಿತು. ಹಸಿರು ಬಣ್ಣ, ಮುಂದೆ ಕೊಂಡಿ, ಮುಚ್ಚಳದ ಅಂಚಿಗೆ ಮಡಿಕೆ, ಅಕ್ಕಪಕ್ಕ ಒಂದೊಂದು ಹಿಡಿಕೆ. ಟ್ರಂಕಿಗೆ ಇರುವುದೇ ಎರಡು ಹಿಡಿಕೆ, ಮದುವೆ ಮನೆಯಲ್ಲಿ ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು ಎತ್ತುವುದು ಪದ್ಧತಿ, ಕೈ ತಾನಾಗಿಯೇ ಎರಡು ಬೆಸೆದಿತ್ತು. ಗುಲ್ನಾಜ್ ಸುತ್ತ ತಿರುಗಿ ನೋಡಿ, “ಅಬ್ಬಾ, ಎರಡು ಹಿಡಿಕಿ ಇದ್ರ ಎತ್ತಾಕ ಇಬ್ಬರು ಬೇಕು. ಕುರುಗೋಡಿನ್ಯಾಗ ನೀನು ಹತ್ತಕ್ಕ ಬಿಟ್ಟು ಹೋಗ್ತೀ, ಅಮ್ಮಿ ಹನ್ನೆರಡಕ್ಕ ಬರ್ತಾಳ. ಆ ಕಡಿ ಹಿಡಿಕಿ ಹಿಡಿಯೋರು ಯಾರು?” ಅಂದಳು. ಸಿಟ್ಟಿನಿಂದ ಅನ್ನಲಿಲ್ಲ, ಅಳುತ್ತಾ ಅನ್ನಲಿಲ್ಲ, ಪೆಟ್ಟಿಗೆಯ ಕೊರತೆ ಹೇಳುವ ಹಾಗೆ ಹೇಳಿದಳು. ನಾನು ಬೀಡಿ ತರುತ್ತೇನೆಂದು ಹೊರಗೆ ಹೋದೆ. ಬೀಡಿ ಬಿಟ್ಟು ಎಂಟು ವರ್ಷವಾಗಿದೆ.

ನಾವಿಬ್ಬರೂ ಎದುರಾಗಬಾರದು, ಎದುರಾದರೆ ಜಗಳ, ಅದಕ್ಕೆ ನಡುವೆ ಎರಡು ತಾಸು ಬಿಡಿ ಎಂದು ಹಿರಿಯರು ಹೇಳಿದಾಗ ನಾವು ಇಬ್ಬರೂ ಹೂಂ ಎಂದು ತಲೆಯಾಡಿಸಿದೆವು. ಆ ಎರಡು ತಾಸು ಹುಡುಗಿ ಏನು ಮಾಡುತ್ತಾಳೆ ಅಂತ ನಾನು ಒಂದು ದಿನವೂ ಕೇಳಿರಲಿಲ್ಲ. ಆವತ್ತು ಹಮೀದಾಬಿಗೆ ಫೋನು ಮಾಡಿ ಕೇಳಿದೆ. “ಏನ್ ಮಾಡ್ತಾಳ, ಚೀಲ ಕಾಲಾಗ ಇಟಗೊಂಡು ಕಟ್ಟಿಮ್ಯಾಲೆ ಕುಂದ್ರತಾಳ. ಒಳಗ ಬಾ ಅಂದ್ರೂ ಬರಂಗಿಲ್ಲ” ಅಂದರು. ನಿನಗೆ ಇದು ಗೊತ್ತಿತ್ತೇ?

ಇನ್ನು ಪೆಟ್ಟಿಗೆಯ ಕಥೆ. ಸಾಮಾನೆಲ್ಲ ಕೂಡಿಸಿ ಆಟ ಹಚ್ಚಿದಳು. ಕಾರು ಓಡಿಸುವ ಆಟ, ಒಂದೂ ಲಾರಿ ಇಲ್ಲದ ನುಣ್ಣನೆ ರಸ್ತೆ. ನಾನೂ ಒಮ್ಮೆ ಓಡಿಸಿದೆ, ಕಾರು ನೆಟ್ಟಗೆ ಗೋಡೆಗೆ ಹೋಗಿ ನಿಂತಿತು. ಇಪ್ಪತ್ತು ನಿಮಿಷ ಆಗಿರಬೇಕು, ಪಟ್ಟನೆ ಎಲ್ಲ ಆರಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಸೀದಾ ರಸ್ತೆ ದಾಟಿ ಹೋಗಿ, ಎಂಥ ಸಾಮಾನು ಕೊಟ್ಟಿದ್ದೀಯೋ ಎಂದು ಗಿರಾಕಿಗಳ ಎದುರೇ ಚನ್ನಬಸವರಾಜನಿಗೆ ಬೈದೆ. ಅವನು ಬಂದು ಪೆಟ್ಟಿಗೆ ಮೇಲೆ ಕೈ ಇಟ್ಟು ತಟ್ಟನೆ ತೆಗೆದ. ರೊಟ್ಟಿ ಹೆಂಚಿನ ಹಾಗೆ ಕಾದಿತ್ತು. “ಗೌಸಣ್ಣ, ಇದಕ್ಕ ಗಾಳಿ ಆಡಾಕ ತೂತು ಎಲ್ಲಿ ಅದಾವು?” ಅಂದ.

ತೂತು! ತೂತಿಲ್ಲ ಅನ್ನುವುದೇ ನಮ್ಮ ಮನೆತನದ ಹೆಸರು. ನಮ್ಮ ಟ್ರಂಕಿನಲ್ಲಿ ರೇಷ್ಮೆ ಸೀರೆ ಇಪ್ಪತ್ತು ವರ್ಷ ಇಟ್ಟರೂ ಒಂದು ಹುಳ ಹೋಗುವುದಿಲ್ಲ, ಈ ಅದಿರಿನ ಕೆಂಪು ಧೂಳಂತೂ ಸುಳಿಯುವುದಿಲ್ಲ. ಅದನ್ನೇ ದೊಡ್ಡ ದನಿಯಲ್ಲಿ ಹೇಳಿದೆ. ಅವನು ಸುಮ್ಮನೆ ಕೇಳಿಕೊಂಡು, “ಸೀರಿ ಉಸುರಾಡಂಗಿಲ್ಲ ಅಣ್ಣ, ಇದು ಉಸುರಾಡ್ತೈತಿ. ಮುಚ್ಚಿಟ್ರ ಸಾಯ್ತೈತಿ” ಅಂದ. ಗುಲ್ನಾಜ್ ನನ್ನ ಮುಖ ನೋಡಲಿಲ್ಲ, ನೆಲ ನೋಡುತ್ತಿದ್ದಳು. ಆಗ ನನಗೆ ತಿಳಿಯಿತು, ಅವಳಿಗೂ ಆ ಕಿಟಕಿಯೇ ನೆನಪಾಗಿದೆ ಎಂದು.

ಕಿಟಕಿಯ ಮಾತು ಬರೆಯದೆ ಈ ಕಾಗದ ಮುಗಿಯುವುದಿಲ್ಲ. ಸಿರುಗುಪ್ಪ ರಸ್ತೆಯ ನಮ್ಮ ಮನೆಯ ಮುಂದೆ ಲಾರಿ ಸಾಲು ಶುರುವಾದ ವರ್ಷ, ನಿನಗೆ ಸಿರುಗುಪ್ಪದ ಶಾಲೆಯ ಆರ್ಡರು ಬಂದಿತ್ತು. ನಾನು ಬೇಡ ಅಂದೆ. ನೀನು ಜಗಳ ಮಾಡಲಿಲ್ಲ, ಆ ಕಿಟಕಿಯ ಹತ್ತಿರ ನಿಲ್ಲುವುದಕ್ಕೆ ಶುರು ಮಾಡಿದೆ. ಒಂದು ಶುಕ್ರವಾರ ನಮಾಜು ಮುಗಿಸಿ ಬಂದು ನಾನು ಹೊರಗಿನಿಂದ ತಗಡು ಹೊಡೆದೆ. ನೀನು ಒಳಗೇ ನಿಂತಿದ್ದೆ. ಒಂದೊಂದು ಮೊಳೆಗೂ ಕೋಣೆ ಕತ್ತಲಾಗುತ್ತಾ ಬಂತು ಎಂದು ನೀನು ಹಿರಿಯರ ಮುಂದೆ ಹೇಳಿದಾಗ, ನಾನು ಧೂಳಿಗೆ ಹೊಡೆದದ್ದು ಅಂದೆ. ಎಲ್ಲರೂ ಒಪ್ಪಿದರು, ಧೂಳು ಯಾರಿಗೆ ಗೊತ್ತಿಲ್ಲ? ಧೂಳು ಸುಳ್ಳಲ್ಲ. ಆದರೆ ಧೂಳಿಗಷ್ಟೇ ಹೊಡೆಯಲಿಲ್ಲ. ಆ ಕಿಟಕಿಯಿಂದ ಸಿರುಗುಪ್ಪದ ಬಸ್ಸು ಕಾಣುತ್ತಿತ್ತು, ನೀನು ದಿನಾ ಬೆಳಿಗ್ಗೆ ಅದನ್ನು ನೋಡುತ್ತಿದ್ದೆ, ನನಗೆ ಅದನ್ನು ಸಹಿಸಲು ಆಗಲಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ, ಈಗ ನಿನಗೆ ಹೇಳುತ್ತಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅನ್ನುತ್ತಿದ್ದೆಯಲ್ಲ, ಅನ್ನು. ನನ್ನದು ತಪ್ಪು.

ಆ ಹಸಿರು ಪೆಟ್ಟಿಗೆಯನ್ನು ಚನ್ನಬಸವರಾಜನಿಗೇ ಕೊಟ್ಟೆ, ಸ್ಕ್ರೂ ಹಾಕಿಟ್ಟುಕೊಂಡಿದ್ದಾನೆ. ಬೈದದ್ದಕ್ಕೆ ಒಂದು ಚಹಾ ಕುಡಿಸಿದ್ದೂ ಆಯಿತು. ಇನ್ನೊಂದು ಮಾಡಿದೆ. ಹಳೆಯ ತೆಳು ತಗಡು ಒಂದಿತ್ತು, ಅದರಲ್ಲೇ ಆಯಿತು. ಹಗುರಾಗಿದೆ. ಮುಂದಿನಿಂದ ತಣ್ಣನೆ ಗಾಳಿ ಒಳಗೆ ಹೋಗಿ ಹಿಂದಿನಿಂದ ಬಿಸಿ ಗಾಳಿ ಹೊರಗೆ ಬರಬೇಕು. ಧೂಳು ತಡೆಯಲು ಮುಂದೆ ಬಲೆ ಬೇಕಿತ್ತು. ನೀನು ಬಿಟ್ಟು ಹೋದ ಹಿಟ್ಟಿನ ಜರಡಿ ಮೊಳೆಗೆ ನೇತುಬಿದ್ದಿತ್ತು, ಈ ಮನೆಯಲ್ಲಿ ಹಿಟ್ಟು ಜರಡಿ ಹಿಡಿಯುವವರಾದರೂ ಯಾರು, ಕತ್ತರಿಸಿ ಹಾಕಿದ್ದೇನೆ. ಕೋಪ ಮಾಡಿಕೊಳ್ಳಬೇಡ. ಮೇಲೆ ಒಂದೇ ಹಿಡಿಕೆ, ಅವಳ ಅಂಗೈಗೆ ಸರಿಯಾಗಿ. ನಿನ್ನೆ ಈ ಉರಿಬಿಸಿಲಿನಲ್ಲಿ ಮೂರು ತಾಸು ಆಡಿದಳು, ಒಮ್ಮೆಯೂ ಆರಲಿಲ್ಲ.

ಅವಳು ಎಲ್ಲಿ ಓದುತ್ತೇನೆ ಅನ್ನುತ್ತಾಳೋ ಅಲ್ಲಿ ಓದಲಿ. ಸಿರುಗುಪ್ಪ ಅಂದರೆ ನಾನು ಹಿರಿಯರ ಮುಂದೆ ಒಂದು ಮಾತೂ ಆಡುವುದಿಲ್ಲ. ಎದೆಯಲ್ಲಿ ಏನಾಗುತ್ತದೆ ಅನ್ನುವುದು ಬೇರೆ, ಅದನ್ನು ಅವಳ ತಲೆಗೆ ಕಟ್ಟುವುದಿಲ್ಲ. ಪೆಟ್ಟಿಗೆ ಅವಳ ಜೊತೆ ಬರುತ್ತದೆ.

ಒಂದೇ ಒಂದು ಬೇಡಿಕೆ. ಆ ಜರಡಿಯ ಬಲೆಯನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು, ಬಿಚ್ಚುವುದು ಹೇಗೆಂದು ಕೈಯಲ್ಲಿ ಹಿಡಿದು ತೋರಿಸಬೇಕು. ಗುಲ್ನಾಜಳಿಗೆ ತೋರಿಸಿದ್ದೇನೆ, ಅವಳಿಗೆ ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೂ ಕೇಳುತ್ತಿದ್ದೇನೆ. ಆ ಭಾನುವಾರ ಹತ್ತಕ್ಕೆ ಬಂದವನು ಹನ್ನೆರಡರ ತನಕ ಅವಳ ಜೊತೆ ಆ ಕಟ್ಟೆಯ ಮೇಲೆ ಕೂತಿರಲೇ? ನೀನು ಬೇಡ ಅಂದರೆ ಹಮೀದಾಬಿಗೆ ಹೇಳಿ ಕಳಿಸು, ಎದ್ದು ಹೋಗುತ್ತೇನೆ. ದನಿ ಏರಿಸುವುದಿಲ್ಲ.

ನಿನ್ನ ಮೈಯ ಕಡೆ ನೋಡಿಕೋ. ಬಿಸಿಲು ಬಹಳ.

ಇಂತಿ,
ಗುಲ್ನಾಜಳ ಅಬ್ಬಾ,
ಮಹಮ್ಮದ್ ಗೌಸ್

ತಾ.ಕ.: ಹಳೆಯ ತಗಡು ಎಲ್ಲಿಯದು ಎಂದು ಮೇಲೆ ಬರೆಯಲು ಕೈ ಬರಲಿಲ್ಲ. ಅದು ನಿನ್ನ ಕಿಟಕಿಯದು. ಪೆಟ್ಟಿಗೆಯ ಬೆನ್ನು ತಿರುವಿ ನೋಡು, ಅಂಕುಡೊಂಕಾಗಿ ಆರು ತೂತು ಕಾಣುತ್ತವೆ. ಆವತ್ತಿನ ಮೊಳೆಗಳವು. ಬೆಸೆದು ಮುಚ್ಚಬಹುದಿತ್ತು, ಬಿಸಿ ಗಾಳಿ ಅಲ್ಲಿಂದಲೂ ಹೊರಗೆ ಹೋಗುತ್ತದೆಂದು ಬಿಟ್ಟಿದ್ದೇನೆ. ಕಿಟಕಿ ಈಗ ತೆರೆದೇ ಇದೆ. ಧೂಳು ಬರುತ್ತದೆ, ಎರಡು ಹೊತ್ತು ಒರೆಸುತ್ತೇನೆ. ಬೆಳಿಗ್ಗೆ ಏಳೂವರೆಗೆ ಸಿರುಗುಪ್ಪದ ಬಸ್ಸು ಹೋಗುತ್ತದೆ. ಈಗ ಅದನ್ನು ನೋಡುತ್ತಾ ನಿಲ್ಲುವವನು ನಾನು.