ಹಳೇ ಬ್ರಿಜ್ಜಿನ ಆಚೆ ದಂಡೆ

ಮುಧೋಳ ತಾಲೂಕು
ಆಗಸ್ಟ್ 2, ಶುಕ್ರವಾರ, ಮುಂಜಾನೆ

ರಬಕವಿಯಲ್ಲಿರುವ ನಿಮಗೆ ಶೈಲಾಳ ನಮಸ್ಕಾರಗಳು.

ಮೊದಲೇ ಹೇಳಿಬಿಡುತ್ತೇನೆ, ಮಾವನವರು ಆರಾಮ ಇದ್ದಾರೆ, ನಾನೂ ಆರಾಮ. ಇಷ್ಟು ಓದಿ ಕಾಗದ ಮಡಚಿಡಬೇಡಿ. ಯುಗಾದಿಯ ಜಗಳ ಆದಾಗಿನಿಂದ ನೀವು ನಮ್ಮ ಫೋನು ಎತ್ತುವುದಿಲ್ಲ. ಎತ್ತಿದರೂ ಮಾವನವರು ಪಡಸಾಲೆಯಲ್ಲೇ ಮಲಗಿರುತ್ತಾರೆ, ಒಲೆಯ ಮುಂದೆ ಪಿಸುಗುಟ್ಟಿದರೂ ಅವರಿಗೆ ಕೇಳುತ್ತದೆ. ಟೆಂಪೋ ಹುಲೆಪ್ಪ ಇವತ್ತು ಲೋಕಾಪುರದ ರಸ್ತೆಯಿಂದ ಸುತ್ತು ಹಾಕಿ ರಬಕವಿಗೆ ಸೀರೆ ತರಲು ಹೋಗುತ್ತಾನಂತೆ. ಅವನ ಕೈಯಲ್ಲಿ ಈ ಕಾಗದ ಕೊಡುತ್ತೇನೆ.

ಮಂಗಳವಾರ ಹೊಳೆ ಬಂತು. ಮಾವನವರು ಎಂದಿನಂತೆ ಬೆಳಿಗ್ಗೆಯೇ ಕುರಿ ಹೊಡೆದುಕೊಂಡು ಹಳೇ ಬ್ರಿಜ್ ದಾಟಿ ಬೀರಪ್ಪನ ಗುಡಿಯ ಕಡೆಗೆ ಹೋಗಿದ್ದರು. ಮಧ್ಯಾಹ್ನದ ಹೊತ್ತಿಗೆ ನೀರು ಕಲ್ಲಿನ ಕಮಾನುಗಳ ಕುತ್ತಿಗೆ ಮುಟ್ಟಿತು. ಪಕ್ಕದಲ್ಲಿ ಹೊಸ ಸೇತುವೆಯ ಕಂಬಗಳು ನಿಂತಿವೆಯಲ್ಲ, ಅವುಗಳ ತುದಿಯಷ್ಟೇ ಕಾಣುತ್ತಿತ್ತು. ಪೊಲೀಸರು ನಮ್ಮ ದಂಡೆಯ ನಾಕಾ ಕಟ್ಟೆಯ ಹತ್ತಿರ ಬ್ಯಾರಿಕೇಡ್ ಹಾಕಿದರು. ಗುಡಿಯ ಹಿಂದಿನ ಹಳ್ಳಕ್ಕೂ ನೀರು ತಿರುಗಿ, ಗುಡಿ ನಡುಗಡ್ಡೆಯಾಯಿತು. ಬೋಟಿನವರು ಬಂದು ಪೂಜಾರಿ ಧರೆಪ್ಪಜ್ಜನನ್ನು ಮುಧೋಳದ ಕಡೆಗೆ ದಾಟಿಸಿದರು. ಕುರಿಗಳನ್ನು ಹತ್ತಿಸಿಕೊಳ್ಳುವುದಿಲ್ಲ ಎಂದರಂತೆ. ಅದಕ್ಕೆ ಮಾವನವರೂ ಹತ್ತಲಿಲ್ಲ.

ಅವರು ಅಲ್ಲಿ ಒಬ್ಬರೇ ನಿಂತಿದ್ದು ನಮ್ಮ ಅಂಗಳದಿಂದ ಕಾಣುತ್ತಿತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪೊಲೀಸ್ ಸಾಬಣ್ಣ ಒಂದು ಟ್ರ್ಯಾಕ್ಟರನ್ನು ತಿರುಗಿಸಿ ಕಳಿಸುತ್ತಿದ್ದಾಗ ನಾನು ಬ್ಯಾರಿಕೇಡಿನ ಸಂದಿಯಿಂದ ನುಸುಳಿದೆ. "ಏ ಯವ್ವಾ, ಸಿದ್ದಾರೂಢನ ಹೇಣ್ತಿ ಅಲ್ಲೇನ ನೀ? ನಿಂದ್ರಬೇ!" ಎಂದು ಅವನು ಹಿಂದಿನಿಂದ ಒದರಿದ. ನಿಲ್ಲಲಿಲ್ಲ. ಬ್ರಿಜ್ಜಿನ ಮೇಲೆ ನೀರು ಹಿಮ್ಮಡಿ ಮುಳುಗುವಷ್ಟು ಹರಿಯುತ್ತಿತ್ತು. ನಿಮ್ಮ ಮಗ್ಗದ ಮನೆಯ ನೆಲ ನಡುಗುತ್ತದಲ್ಲ, ಅಂಗಾಲಿನ ಕೆಳಗೆ ಕಲ್ಲು ಹಾಗೆ ನಡುಗುತ್ತಿತ್ತು. ಸಂಸ್ಥಾನದ ಕಾಲದಿಂದ ನಿಂತದ್ದು, ಇವತ್ತೊಂದು ದಿನ ನಿಲ್ಲಲಿ ಎಂದು ಬೀರಪ್ಪನಿಗೆ ಬೇಡಿಕೊಳ್ಳುತ್ತ ನಡೆದೆ.

ನನ್ನನ್ನು ನೋಡಿ ಮಾವನವರು ಸಿಟ್ಟಾದರು. "ಯಾಕ ಬಂದಿ? ತಲಿ ಕೆಟ್ಟೈತೇನ ನಿನಗ?"

"ನೀವು ಬರೂತನಾ ನಾನೂ ಹೋಗಂಗಿಲ್ರಿ ಮಾವಾ."

"ಕುರಿ ಬಿಟ್ಟು ನಾ ಎಲ್ಲಿ ಬರ್ಲಿ?"

"ಹಂಗಾದ್ರ ಇಲ್ಲೇ ಕುಂದರ್ತೇನಿ ತಗೋರಿ" ಎಂದು ಗುಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಕೆಳಗಿನ ಮೆಟ್ಟಿಲು ಮುಳುಗಿತು. ಅದರ ಮೇಲಿನದೂ ಮುಳುಗಿತು. ಅವರು ನೀರು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕುರಿಗಳನ್ನೆಲ್ಲ ಗುಡಿಯ ಎತ್ತರದ ಮಂಟಪಕ್ಕೆ ಹತ್ತಿಸಿ, ಬಾಗಿಲಿಗೆ ಹಗ್ಗ ಬಿಗಿದು, ಹೊಸ್ತಿಲಿಗೆ ಹಣೆ ಹಚ್ಚಿ ಎದ್ದರು. ಅವರ ಕಂಬಳಿಯ ಒಂದು ತುದಿಯನ್ನು ನಾನು ಕೈಗೆ ಸುತ್ತಿಕೊಂಡೆ.

ನಡು ಬ್ರಿಜ್ಜಿಗೆ ಬಂದಾಗ ಪಕ್ಕದ ಕಟ್ಟೆಯ ಕಲ್ಲುಗಳು ಒಮ್ಮೆಲೇ ಕಳಚಿ ಹೊಳೆಗೆ ಬಿದ್ದವು. ಮಾವನವರು ಜಾರಿ ಮೊಣಕಾಲಿನ ಮೇಲೆ ಬಿದ್ದರು, ಒಂದು ಕಾಲು ಅಂಚಿನ ಆಚೆ ಹೋಗಿತ್ತು. ಕಂಬಳಿ ಕೈಯಲ್ಲಿತ್ತು, ಜಗ್ಗಿದೆ. ಹೇಗೆ ಜಗ್ಗಿದೆನೋ ನನಗೇ ನೆನಪಿಲ್ಲ. ಸಾಬಣ್ಣ ಓಡಿ ಬಂದು ಇಬ್ಬರನ್ನೂ ದಂಡೆಗೆ ಎಳೆದು ಹಾಕಿ, ಬಾಯಿಗೆ ಬಂದಂತೆ ಬೈದ.

ಈಗ ನೀರು ಇಳಿದಿದೆ. ನಡುವಿನ ಕಮಾನು ಕೈ ಹೋಗುವಷ್ಟು ಬಿರುಕು ಬಿಟ್ಟಿದೆ, ಜನರೂ ದಾಟಬಾರದೆಂದು ಎಂಜಿನಿಯರು ಹೇಳಿ ಹೋಗಿದ್ದಾರೆ. ಕುರಿಗಳು ಉಳಿದಿವೆ, ಧರೆಪ್ಪಜ್ಜ ಮರಳಿ ಬಂದು ಅಷ್ಟಿಷ್ಟು ಸೊಪ್ಪು ತಪ್ಪಲು ಹಾಕುತ್ತಿದ್ದಾನೆ. ಅವನೂ ಮುದುಕ, ಅಷ್ಟು ಕುರಿಗಳನ್ನು ಹೊಡೆದುಕೊಂಡು ಹೋಗಲು ಅವನಿಂದ ಆಗದು. ಇವತ್ತು ಬೆಳಿಗ್ಗೆ ಆಟೋದಲ್ಲಿ ಮೈಕು ಹಚ್ಚಿಕೊಂಡು ಬಂದು, ಸಂಜೆಗೆ ಡ್ಯಾಮಿನಿಂದ ಮತ್ತೆ ಹೆಚ್ಚು ನೀರು ಬಿಡುತ್ತಾರೆ ಎಂದು ಸಾರಿದರು. ಈ ಸಲ ಮಂಟಪವೂ ಮುಳುಗಬಹುದಂತೆ. ಅದನ್ನು ಕೇಳಿದಾಗಿನಿಂದ ಮಾವನವರು ಕೋಲು ಕೇಳುತ್ತಿದ್ದಾರೆ. ಕಾಲು ಕುಂಬಳಕಾಯಿಯಂತೆ ಬಾತಿದೆ, ಆದರೂ ಬ್ರಿಜ್ ದಾಟುತ್ತಾರಂತೆ. ಕೋಲನ್ನು ಅಟ್ಟದ ಮೇಲೆ ಬಚ್ಚಿಟ್ಟಿದ್ದೇನೆ. ಎಷ್ಟು ಹೊತ್ತು ತಡೆಯಲಿ?

ನೀವು ಬ್ರಿಜ್ ದಾಟುವುದು ಬೇಕಾಗಿಲ್ಲ. ಮುಧೋಳದ ಮೇಲೆ ಬಂದರೆ ಗುಡಿ ಆ ದಂಡೆಯಲ್ಲೇ ಇದೆ, ಹಳ್ಳವೂ ಇಳಿದಿದೆ. ಕುರಿಗಳನ್ನು ಮೇಲಿನ ಮಡ್ಡಿಯ ದಿಬ್ಬಕ್ಕೆ ಹೊಡೆದುಬಿಟ್ಟರೆ ಸಾಕು. ಕುರಿ ಮಾರಿ ಎಲ್ಲರೂ ರಬಕವಿಗೆ ಹೋಗೋಣ ಎಂದ ನಿಮ್ಮ ಮಾತು, ಕುರಿ ಬೇಡಾದವನಿಗೆ ಮನೆಯೂ ಬೇಡ ಎಂದ ಅವರ ಮಾತು, ಎರಡನ್ನೂ ಒಂದು ದಿನದ ಮಟ್ಟಿಗೆ ಬದಿಗಿಡಿ. ನಮ್ಮ ಮುಖ ನೋಡಲೇಬೇಕೆಂದಿಲ್ಲ, ಹಾಗೇ ತಿರುಗಿ ಹೋಗಬಹುದು. ನನಗಾಗಿ ಕರೆಯುತ್ತಿಲ್ಲ, ನನಗೇನೂ ಭಯವಿಲ್ಲ. ಅಕ್ಷರ ಓರೆಯಾಗಿರುವುದು ಒಲೆಯ ಮುಂದೆ ಮೊಣಕಾಲ ಮೇಲಿಟ್ಟು ಬರೆದದ್ದಕ್ಕೆ, ಅಷ್ಟೇ.

ಉಂಡಿರೋ ಇಲ್ಲವೋ ಎಂದು ದಿನಾ ನೆನೆಯುವ,
ನಿಮ್ಮ ಶೈಲಾ

ತಾ. ಕ.: ಹುಲೆಪ್ಪ ಇನ್ನೂ ಬಂದಿಲ್ಲ. ನಾನು ಕಾಗದ ಮಡಚುವಷ್ಟರಲ್ಲಿ ಮಾವನವರು ಗೋಡೆ ಹಿಡಿದು ಹೊರಗೆ ಹೋಗಿಬಿಟ್ಟಿದ್ದರು. ಕಾಗದ ಕೈಯಲ್ಲಿ ಹಿಡಿದೇ ಓಡಿದೆ. ಅವರು ನಾಕಾ ಕಟ್ಟೆಯ ಮೇಲೆ ಕೂತು ಆಚೆ ದಂಡೆ ನೋಡುತ್ತಿದ್ದರು. ಅಲ್ಲಿ ಯಾರೋ ಮಂಟಪದ ಹಗ್ಗ ಬಿಚ್ಚುತ್ತಿದ್ದರು. ನಿಮಗೆ ಯಾರು ಸುದ್ದಿ ಹೇಳಿದರೋ ತಿಳಿಯದು, ಕೈ ಬೀಸುವ ರೀತಿಯಿಂದಲೇ ನೀವೆಂದು ಗುರುತಾಯಿತು. ಯುಗಾದಿಯ ನಂತರ ಮಾವನವರು ನಿಮ್ಮ ಹೆಸರು ಹಿಡಿದದ್ದು ಇವತ್ತೇ. "ಟಗರ ಮುಂದ ಬಿಡಲೇ ಸಿದ್ಯಾ, ಟಗರ ಮುಂದ ಬಿಡು!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಾರೆ. ಹೊಳೆಯ ಸಪ್ಪಳದಲ್ಲಿ ನಿಮಗೆ ಕೇಳುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟೆ.