‘ನಿಲ್ಲಿಸಿ’ ಎಂದ ಮೇಲೆ

ಅಕ್ಟೋಬರ್ ೧೨, ಭಾನುವಾರ

ಡಾರಿಲ್ ಮುದುಕನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಟ್ರಾನ್ಸ್ ಹೆಣ್ಣೆಂದು ಮಾರ್ನಿಯ ಕಿಟಕಿಗೆ ಈ ಕೆಂಟಕಿಯ ಪುಂಡರು ಎರಡು ಸಲ ಕಲ್ಲು ಹೊಡೆದರು. ಹೊಸ ಗಾಜು ಕೂರಿಸಿಕೊಟ್ಟಿದ್ದು ಎಡಪಂಥದ ನಮ್ಮ ಬಂದೂಕು ಕ್ಲಬ್ಬು. ಇವತ್ತು ಅವಳೇ ಗುಂಡು ಹೊಡೆಯುವುದನ್ನು ಕಲಿಯಲು ಬಂದಿದ್ದಳು.

ನಮ್ಮಲ್ಲಿ ಅಂದೇ ಸೇರಿದವರು ‘ನಿಲ್ಲಿಸಿ’ ಎಂದರೂ ಎಲ್ಲರೂ ಗುಂಡು ಹಾರಿಸುವುದನ್ನು ನಿಲ್ಲಿಸಬೇಕು. ಆ ನಿಯಮ ಬರೆದವಳು ನಾನೇ.

ಕ್ಲಬ್ಬಿನ ಹಳಬ ಡಾರಿಲ್ ಹರಟುತ್ತಾ ತನ್ನ ಬಂದೂಕನ್ನು ನಮ್ಮತ್ತ ತಿರುಗಿಸಿದ. ಮಾರ್ನಿ "ನಿಲ್ಸಿ!" ಎಂದು ಕಿರುಚಿದಳು.

"ಬಂದು ಒಂದು ಗಂಟೆ ಆಗಿಲ್ಲ, ನಂಗೇ ಪಾಠ ಹೇಳ್ತೀಯೇನಮ್ಮ?" ಎಂದ ಅವನು.

"ಹೆದರಿಕೆ ನಂಗೆ ಬೀದೀಲೇ ಬೇಕಾದಷ್ಟಿದೆ ತಾತ, ಇಲ್ಲೂ ಬೇಡ."

ಅವನನ್ನು ಒಂದು ತಿಂಗಳು ಹೊರಗಿಟ್ಟೆ. ಮಾರ್ನಿ ನನ್ನ ಕೈ ಹಿಡಿದುಕೊಂಡಳು.

ಆದರೆ ಅವಳು ಕಿರುಚಿದ ಮೇಲೂ ಒಂದು ಗುಂಡು ಹಾರಿತ್ತು. ಎದುರಿನ ಹಲಗೆಗೆ ಗುರಿ ಚೆನ್ನಾಗಿ ಕೂತಿದೆಯೆಂದು ಟ್ರಿಗರ್ ಒತ್ತಿದವಳು ನಾನು. ಅದು ಯಾರದೆಂದು ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಥೂ.